ಎರಡೂವರೆ ಲಕ್ಷ ಕಿಲೋಮೀಟರ್ ಓಡಿದ ಟರ್ಬೊ ಕಾರನ್ನು ಕೊಳ್ಳಬಹುದೇ?



ಹಳೆಯ ವಾಹನಗಳನ್ನು ಕುರಿತ ಮಾತುಕತೆಯ ಕಂತು ಪ್ರಸಾರವಾದ ಮೇಲೆ ನಿಮ್ಮಲ್ಲಿ ಹಲವರು ಬರೆದ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕಾಣಿಸಿತು. "ಹಳೆಯ ಕಾರನ್ನು ಕೊಳ್ಳುವಾಗ ಅದು ಎಷ್ಟು ಕಿಲೋಮೀಟರ್ ಓಡಿದ್ದರೆ ಪರವಾಗಿಲ್ಲ?" ನಮ್ಮ ಅತಿಥಿಗಳು ಇದಕ್ಕೆ ಉತ್ತರ ಹೇಳಲು ಹೊರಟಾಗ ಅರ್ಧ ಗಂಟೆ ಮುಗಿಯುತ್ತ ಬಂದಿತ್ತು. ಗಾಜಿನ ಆಚೆಯಿಂದ ಕೈಸನ್ನೆ ಮಾಡಿ ಅವರ ಮಾತನ್ನು ನಿಲ್ಲಿಸಿದವನು ನಾನೇ. ಆ ಸಾಲವನ್ನು ಇಲ್ಲಿ ತೀರಿಸಲು ಪ್ರಯತ್ನಿಸುತ್ತೇನೆ. ಬರೀ ಸೂತ್ರ ಹೇಳುವುದಕ್ಕಿಂತ ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ಹೇಳಿದರೆ ನಿಮಗೂ ಸುಲಭ, ನನಗೂ ಸುಲಭ.

ನನ್ನ ಅಕ್ಕನ ಮಗ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಎಂಜಿನಿಯರ್. ಓದಿಗಾಗಿ ಮಾಡಿದ ಬ್ಯಾಂಕ್ ಸಾಲ ಇನ್ನೂ ಅರ್ಧ ಉಳಿದಿದೆ. ಒಂದು ರಾತ್ರಿ ಅವನ ಫೋನ್ ಬಂತು. "ಮಾಮ, ಒಂದು ಪೋರ್ಶೆ ನೋಡಿದೀನಿ. 944 ಟರ್ಬೊ. 1986ರದ್ದು. 2,46,000 ಕಿಲೋಮೀಟರ್ ಓಡಿದೆ. ತಗೊಳ್ಳಲಾ?" ಎರಡು ವರ್ಷ ಸಂಬಳದಲ್ಲಿ ಉಳಿಸಿದ ಹಣ ಅದಕ್ಕೆ ಸರಿಹೋಗುತ್ತಿತ್ತು. ಇನ್ನೊಂದು ಅಂಥದೇ ಕಾರನ್ನೂ ಅವನು ನೋಡಿದ್ದ. ಅದು 1987ರದ್ದು, ಮೀಟರಿನಲ್ಲಿ 92,000 ಮಾತ್ರ, ಬಣ್ಣ ಕನ್ನಡಿಯಂತೆ. ಬೆಲೆ ಮೊದಲನೆಯದರ ಒಂದೂವರೆ ಪಟ್ಟು. ಅದನ್ನು ಕೊಳ್ಳಬೇಕಾದರೆ ಮತ್ತೆ ಸಾಲ ಮಾಡಬೇಕು. ಕಚೇರಿಯ ಗೆಳೆಯರೆಲ್ಲ "ಎರಡನೆಯದನ್ನೇ ತಗೋ, ಕಡಿಮೆ ಓಡಿದೆ" ಎಂದಿದ್ದರಂತೆ.

ಮರುದಿನ ಬೆಳಿಗ್ಗೆ ಹಾಸನದಿಂದ ಅಕ್ಕನ ಫೋನ್. "ನೋಡೋ, ನೀನು ಸೈನ್ಸ್ ಓದಿದೋನು. ಅವನಿಗೆ ನೀನಾದ್ರೂ ಬುದ್ಧಿ ಹೇಳು. ನಲವತ್ತು ವರ್ಷದ ಹಳೇ ಗಾಡಿಗೆ ಯಾರಾದ್ರೂ ದುಡ್ಡು ಹಾಕ್ತಾರಾ?"

ನಾನು ಮೆಕ್ಯಾನಿಕ್ ಅಲ್ಲ. ಆದರೆ ಬಿ.ಎಸ್ಸಿ.ಯಲ್ಲಿ ಓದಿದ ಉಷ್ಣಶಾಸ್ತ್ರವನ್ನು ಪೂರ್ತಿ ಮರೆತಿಲ್ಲ. ಕಾರ್ಯಕ್ರಮಕ್ಕಾಗಿ ಹತ್ತಾರು ಗ್ಯಾರೇಜುಗಳಲ್ಲಿ ನಿಂತು ಕೇಳಿದ್ದೂ ಇತ್ತು. ಅವನಿಗೆ ಏನು ಹೇಳಿದೆನೋ ಅದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಟರ್ಬೊ ಎಂದರೇನು?

ಎಂಜಿನ್ ಎಂಬುದು ಒಂದು ಬಗೆಯಲ್ಲಿ ಉಸಿರಾಡುವ ಯಂತ್ರ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಆದರೆ ಗಾಳಿ ಸಾಲದಿದ್ದರೆ ಅದು ಉರಿಯುವುದಿಲ್ಲ, ಹೊಗೆಯಾಗುತ್ತದೆ. ಸಾಧಾರಣ ಎಂಜಿನ್ ತನ್ನ ಪಿಸ್ಟನ್ ಕೆಳಗಿಳಿಯುವಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೊರಗಿನ ವಾತಾವರಣದ ಒತ್ತಡ ಎಷ್ಟಿದೆಯೋ ಅಷ್ಟೇ ಅದಕ್ಕೆ ದಕ್ಕುವುದು. ಹೆಚ್ಚು ಶಕ್ತಿ ಬೇಕೆಂದರೆ ಎಂಜಿನ್ನನ್ನು ದೊಡ್ಡದು ಮಾಡಬೇಕು, ಇಲ್ಲವೇ ಗಾಳಿಯನ್ನು ಒತ್ತಿ ತುಂಬಬೇಕು.

ಒತ್ತಿ ತುಂಬಲು ಪಂಪು ಬೇಕು, ಪಂಪನ್ನು ತಿರುಗಿಸಲು ಶಕ್ತಿ ಬೇಕು. ಆ ಶಕ್ತಿಯನ್ನು ಸೈಲೆನ್ಸರಿನಿಂದ ವ್ಯರ್ಥವಾಗಿ ಹೊರಟುಹೋಗುವ ಬಿಸಿ ಹೊಗೆಯಿಂದಲೇ ಪಡೆಯಬಹುದೆಂದು ಯೋಚಿಸಿದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ. ಅವನ ಪೇಟೆಂಟ್ 1905ರದ್ದು. ಹೊಗೆಯ ದಾರಿಯಲ್ಲಿ ಒಂದು ಚಕ್ರ, ಗಾಳಿಯ ದಾರಿಯಲ್ಲಿ ಇನ್ನೊಂದು ಚಕ್ರ, ಎರಡನ್ನೂ ಜೋಡಿಸುವ ಒಂದು ದಂಡ. ಟರ್ಬೊ ಎಂದರೆ ಇಷ್ಟೇ. ಮೊದಮೊದಲು ಇದು ಹಡಗಿಗೂ ವಿಮಾನಕ್ಕೂ ಉಪಯೋಗಕ್ಕೆ ಬಂತು. ಎತ್ತರಕ್ಕೆ ಏರಿದಂತೆ ಗಾಳಿ ತೆಳುವಾಗುತ್ತದಲ್ಲವೇ? 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಎಂಬ ಎಂಜಿನಿಯರ್ ಒಂದು ವಿಮಾನದ ಎಂಜಿನ್ನನ್ನು ಸುಮಾರು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ಮೇಲಕ್ಕೆ ಒಯ್ದು, ಟರ್ಬೊ ಇದ್ದರೆ ಅಲ್ಲಿಯೂ ಶಕ್ತಿ ಕುಗ್ಗುವುದಿಲ್ಲವೆಂದು ತೋರಿಸಿದ. ಮಾರಾಟದ ಕಾರುಗಳಿಗೆ ಇದು ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಮೂಲಕ. ಜೆಟ್‌ಫೈರ್‌ಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ತೊಟ್ಟಿಯಲ್ಲಿ ತುಂಬಿಸುತ್ತಿರಬೇಕಿತ್ತು. ಅನೇಕ ಮಾಲೀಕರು ಅದನ್ನು ಮರೆತೇಬಿಡುತ್ತಿದ್ದರು. ಯೂರೋಪಿನಲ್ಲಿ ಬಿಎಂಡಬ್ಲ್ಯು 1973ರಲ್ಲೂ ಪೋರ್ಶೆ 1974-75ರಲ್ಲೂ ತಮ್ಮ ಟರ್ಬೊ ಕಾರುಗಳನ್ನು ಹೊರತಂದವು.

ನಮ್ಮ ಹುಡುಗ ನೋಡಿದ 944 ಮಾಲೆ ಮಾರುಕಟ್ಟೆಗೆ ಬಂದದ್ದು 1982ರಲ್ಲಿ; ಅದರ ಟರ್ಬೊ ರೂಪ 1985ರಲ್ಲಿ. ಪೋರ್ಶೆ ಕಂಪನಿಯ ತವರು ಸ್ಟುಟ್‌ಗಾರ್ಟೇ ಆದರೂ ಈ ಕಾರುಗಳಲ್ಲಿ ಹೆಚ್ಚಿನವು ತಯಾರಾದದ್ದು ಅಲ್ಲಿಗೆ ಅಷ್ಟೇನೂ ದೂರವಲ್ಲದ ನೆಕರ್ಸುಲ್ಮ್ ಎಂಬ ಊರಿನಲ್ಲಿ. ನಾಲ್ಕು ಸಿಲಿಂಡರ್, 2,479 ಸಿಸಿ. ಟರ್ಬೊ ಇಲ್ಲದ 944 ಯೂರೋಪಿನಲ್ಲಿ 163 ಅಶ್ವಶಕ್ತಿ ಕೊಡುತ್ತಿತ್ತು. ಅಷ್ಟೇ ಗಾತ್ರದ ಟರ್ಬೊ ಎಂಜಿನ್ 220. ಗರಿಷ್ಠ ವೇಗ ಗಂಟೆಗೆ 245 ಕಿಲೋಮೀಟರ್. ಈ ಹೆಚ್ಚುವರಿ 57 ಅಶ್ವಶಕ್ತಿ ಪುಕ್ಕಟೆಯಾಗಿ ಬರಲಿಲ್ಲ ಎಂಬುದನ್ನು ನೆನಪಿಡಿ. ಅದರ ಬೆಲೆ ಉಷ್ಣ. ಹಳೆಯ ಟರ್ಬೊ ಕಾರನ್ನು ಪರೀಕ್ಷಿಸುವುದೆಂದರೆ ಬಹುಮಟ್ಟಿಗೆ ಆ ಉಷ್ಣ ಎಲ್ಲೆಲ್ಲಿ ಏನೇನು ಮಾಡಿದೆ ಎಂದು ಹುಡುಕುವುದೇ.

ಉಷ್ಣದ ಎರಡು ದಾರಿ

ಸೈಕಲ್ಲಿಗೆ ಗಾಳಿ ಹೊಡೆದು ಮುಗಿಸಿ ಪಂಪಿನ ಬುಡವನ್ನು ಮುಟ್ಟಿ ನೋಡಿದ್ದೀರಾ? ಬಿಸಿಯಾಗಿರುತ್ತದೆ. ಅನಿಲವನ್ನು ಒತ್ತಿದರೆ ಅದು ಕಾಯುತ್ತದೆ. 944 ಟರ್ಬೊದಲ್ಲಿ ಗಾಳಿಯ ಒತ್ತಡ ಸುಮಾರು ಒಂದೂಮುಕ್ಕಾಲು ಪಟ್ಟಾಗುತ್ತದೆ. ಲೆಕ್ಕ ಹಾಕಿದರೆ, 27 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಒಳಗೆ ಹೋಗಿ 100 ಡಿಗ್ರಿಯ ಆಸುಪಾಸಿನಲ್ಲಿ ಹೊರಬರುತ್ತದೆ. ಬಿಸಿ ಗಾಳಿ ಹಿಗ್ಗಿರುವುದರಿಂದ ಅದರಲ್ಲಿ ಆಮ್ಲಜನಕ ಕಡಿಮೆ. ಒತ್ತಿದ ಶ್ರಮ ಅರ್ಧ ನೀರುಪಾಲು. ಅದಕ್ಕಾಗಿಯೇ ಕಾರಿನ ಮುಂಭಾಗದಲ್ಲಿ ರೇಡಿಯೇಟರಿನಂಥ ಇನ್ನೊಂದು ಸಾಧನವನ್ನು ಇಟ್ಟು ಗಾಳಿಯನ್ನು ತಣಿಸುತ್ತಾರೆ. ಅದರ ಹೆಸರು ಇಂಟರ್‌ಕೂಲರ್. ಗಾಳಿ ಅತಿಯಾಗಿ ಕಾದರೆ ಇನ್ನೊಂದು ಅಪಾಯವಿದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ಹಬ್ಬುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸ್ಫೋಟಿಸುತ್ತದೆ. ಎಂಜಿನ್ನಿನ ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು ಬರುತ್ತದೆ. ಗ್ಯಾರೇಜಿನಲ್ಲಿ ಇದನ್ನು ನಾಕಿಂಗ್ ಎನ್ನುತ್ತಾರೆ. ಪಿಸ್ಟನ್ ತೂತಾಗಲು, ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಸುಡಲು ಇದೊಂದೇ ಸಾಕು.

ಎರಡನೆಯ ದಾರಿ ಹೊಗೆಯದು. ಹೊಗೆಯ ಕಡೆಯ ಚಕ್ರ 800-900 ಡಿಗ್ರಿ ತಾಪದಲ್ಲಿ ಕೆಲಸ ಮಾಡುತ್ತದೆ. ಕತ್ತಲಲ್ಲಿ ನೋಡಿದರೆ ಟರ್ಬೊದ ಕವಚ ಕೆಂಪಗೆ ಹೊಳೆಯುವುದುಂಟು. ವೇಗವೋ, ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿದ್ದು! ಮನೆಯ ಮಿಕ್ಸಿ ಸುಮಾರು 20 ಸಾವಿರ ಸುತ್ತಿಗೇ ಕಿವಿ ಮುಚ್ಚಿಕೊಳ್ಳುವಂತೆ ಕೂಗುತ್ತದೆ. ಇಷ್ಟು ವೇಗದ ದಂಡವನ್ನು ಹಿಡಿದು ನಿಲ್ಲಿಸುವುದು ಈ ಕಾರಿನಲ್ಲಿ ಒಂದು ತೆಳುವಾದ ಎಣ್ಣೆಯ ಪದರ. ಎಂಜಿನ್ ಓಡುತ್ತಿರುವಷ್ಟು ಹೊತ್ತು ಎಣ್ಣೆ ಹರಿಯುತ್ತ ಉಷ್ಣವನ್ನೂ ಹೊತ್ತೊಯ್ಯುತ್ತದೆ. ಹೆದ್ದಾರಿಯಲ್ಲಿ ಜೋರಾಗಿ ಬಂದು ತಟ್ಟನೆ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದಿರಿ ಎನ್ನಿ. ಎಣ್ಣೆಯ ಹರಿವು ನಿಂತಿತು, ಉಷ್ಣ ಅಲ್ಲೇ ಉಳಿಯಿತು. ನಿಂತ ಎಣ್ಣೆ ಸುಟ್ಟು ಇದ್ದಿಲಿನಂತೆ ಗಟ್ಟಿಯಾಗಿ ಬೇರಿಂಗಿನ ದಾರಿಯನ್ನು ಮುಚ್ಚುತ್ತದೆ. ಒಂದು ದಿನದಲ್ಲಿ ಏನೂ ಆಗುವುದಿಲ್ಲ. ಸಾವಿರ ಸಲ ಹೀಗೆ ಮಾಡಿದರೆ ಟರ್ಬೊ ಹಾಳು.

ನಮ್ಮ ಹೊರಾಂಗಣ ಚಿತ್ರೀಕರಣದ ಡೀಸೆಲ್ ವ್ಯಾನಿಗೂ ಟರ್ಬೊ ಇದೆ. ಅದರ ಚಾಲಕರು ಘಟ್ಟ ಹತ್ತಿ ನಿಂತ ಮೇಲೂ ಒಂದೆರಡು ನಿಮಿಷ ಎಂಜಿನ್ ಆರಿಸುವುದಿಲ್ಲ. ಕ್ಯಾಮೆರಾ ಇಳಿಸುವ ಆತುರದಲ್ಲಿ ನಾವು ಗೊಣಗುತ್ತಿದ್ದೆವು. "ಸಾರ್, ಗಾಡಿ ಉಸಿರು ಬಿಟ್ಕೊಳ್ಲಿ" ಎನ್ನುತ್ತಿದ್ದರು. ಉಷ್ಣಶಾಸ್ತ್ರದ ಪುಸ್ತಕ ಓದದೆಯೂ ಅವರಿಗೆ ತಿಳಿದಿತ್ತು. ಓದಿದ ನನಗೆ ಅವರಿಂದ ತಿಳಿಯಿತು.

ಪೋರ್ಶೆಯ ಎಂಜಿನಿಯರುಗಳು ಇದಕ್ಕೊಂದು ಉಪಾಯ ಮಾಡಿದ್ದರು. 944 ಟರ್ಬೊದ ಬೇರಿಂಗ್ ಭಾಗದ ಸುತ್ತ ನೀರು ಹರಿಯುತ್ತದೆ. ಎಂಜಿನ್ ನಿಂತ ಮೇಲೂ ಆ ನೀರನ್ನು ಸ್ವಲ್ಪ ಹೊತ್ತು ಹರಿಸಲು ವಿದ್ಯುತ್ತಿನ ಪುಟ್ಟ ಪಂಪೊಂದಿದೆ. ಆದ್ದರಿಂದ ನಾನು ಅವನಿಗೆ ಹೇಳಿದ ಮೊದಲ ಪರೀಕ್ಷೆ ಇದು: ಕಾರನ್ನು ಚೆನ್ನಾಗಿ ಓಡಿಸಿ ತಂದು ನಿಲ್ಲಿಸು. ಕೀ ತೆಗೆದು ಬಾನೆಟ್ಟಿನ ಬಳಿ ಕಿವಿಯಿಡು. ಸಣ್ಣಗೆ ಗುಂಯ್ ಎನ್ನುವ ಸದ್ದು ಕೇಳಬೇಕು. ಕೇಳಿಸದಿದ್ದರೆ ಆ ಪಂಪು ಸತ್ತು ಎಷ್ಟು ವರ್ಷವಾಯಿತೋ ಎಂದು ಕೇಳು.

ಮೀಟರನ್ನು ಓದುವ ಬಗೆ

ಈಗ ಕಿಲೋಮೀಟರಿನ ಪ್ರಶ್ನೆಗೆ ಬರೋಣ. ಇಲ್ಲಿ ಒಂದು ಸುಲಭ ಲೆಕ್ಕವಿದೆ, ನೀವೇ ಮಾಡಿ ನೋಡಿ. ಒಂದು ಕಾರು ಹೆದ್ದಾರಿಯಲ್ಲೇ ಸರಾಸರಿ 80 ಕಿಲೋಮೀಟರ್ ವೇಗದಲ್ಲಿ 2,40,000 ಕಿಲೋಮೀಟರ್ ಓಡಿತೆನ್ನಿ. ಅದರ ಎಂಜಿನ್ ಕೆಲಸ ಮಾಡಿದ್ದು 3,000 ಗಂಟೆ. ಇನ್ನೊಂದು ಕಾರು ಪೇಟೆಯ ಸಿಗ್ನಲ್ಲುಗಳ ನಡುವೆ ಸರಾಸರಿ 25 ಕಿಲೋಮೀಟರ್ ವೇಗದಲ್ಲಿ 92,000 ಓಡಿತೆನ್ನಿ. ಅದರ ಎಂಜಿನ್ ಕೆಲಸ ಮಾಡಿದ್ದು 3,680 ಗಂಟೆ! ಕಡಿಮೆ ಓಡಿದ ಕಾರೇ ಹೆಚ್ಚು ದುಡಿದಿದೆ. ಅದೂ ಅಲ್ಲದೆ ಎಂಜಿನ್ ಹೆಚ್ಚಾಗಿ ಸವೆಯುವುದು ತಣ್ಣಗಿರುವಾಗ ಚಾಲೂ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ. ಎಣ್ಣೆ ಇನ್ನೂ ಎಲ್ಲ ಕಡೆಗೂ ಸರಿಯಾಗಿ ತಲುಪಿರುವುದಿಲ್ಲ. ದಿನಕ್ಕೆ ಆರು ಸಲ ಅಂಗಡಿಗೆ ಹೋಗಿ ಬರುವ ಕಾರು ಆರು ಸಲ ಈ ಕಷ್ಟ ಪಡುತ್ತದೆ.

ಇನ್ನು ರಬ್ಬರು. ಹೋಸ್ ಪೈಪು, ಆಯಿಲ್ ಸೀಲು, ಬೆಲ್ಟು, ಟೈರು ಇವುಗಳಿಗೆ ಕಿಲೋಮೀಟರ್ ಗೊತ್ತಿಲ್ಲ, ಕ್ಯಾಲೆಂಡರ್ ಗೊತ್ತು. ಗಾಳಿಯ ಓಜೋನು, ಬಿಸಿ, ಎಣ್ಣೆಯ ಆವಿ ಎಲ್ಲ ಸೇರಿ ರಬ್ಬರನ್ನು ಗಡುಸು ಮಾಡುತ್ತವೆ, ಬಿರುಕು ಬಿಡಿಸುತ್ತವೆ. ಷೆಡ್ಡಿನಲ್ಲಿ ನಿಂತೇ ಇದ್ದ ಕಾರಿಗೆ ಇದರಿಂದ ವಿನಾಯಿತಿ ಇಲ್ಲ.

944ರ ಎಂಜಿನ್ನಿನಲ್ಲಿ ಒಂದು ರಬ್ಬರಿನ ಹಲ್ಲುಪಟ್ಟಿಯಿದೆ. ಅದೇ ಟೈಮಿಂಗ್ ಬೆಲ್ಟ್. ಪಿಸ್ಟನ್ ಮೇಲೆ ಬರುವಾಗ ವಾಲ್ವುಗಳು ದಾರಿಬಿಟ್ಟು ಮೇಲಿರುವಂತೆ ಹೊಂದಿಸುವುದು ಇದರ ಕೆಲಸ. ಇದು ಹರಿದರೆ ವಾಲ್ವುಗಳು ತೆರೆದಲ್ಲೇ ನಿಲ್ಲುತ್ತವೆ, ಪಿಸ್ಟನ್ ಬಂದು ಗುದ್ದುತ್ತದೆ. ಕ್ಷಣಾರ್ಧದಲ್ಲಿ ಎಂಜಿನ್ ಮುಗಿದ ಹಾಗೆ. ಇದಲ್ಲದೆ ಇನ್ನೊಂದು ಬೆಲ್ಟೂ ಇದೆ. ದೊಡ್ಡ ನಾಲ್ಕು ಸಿಲಿಂಡರ್ ಎಂಜಿನ್ನಿನ ಅದುರುವಿಕೆಯನ್ನು ತಗ್ಗಿಸಲು ಎರಡು ದಂಡಗಳು ಎಂಜಿನ್ನಿನ ಎರಡರಷ್ಟು ವೇಗದಲ್ಲಿ ತಿರುಗುತ್ತಿರುತ್ತವೆ. ಬ್ರಿಟನ್ನಿನ ಲ್ಯಾಂಚೆಸ್ಟರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಹೇಳಿದ್ದ ಉಪಾಯ ಅದು. ಪೋರ್ಶೆ ಅದನ್ನು ಜಪಾನಿನ ಮಿತ್ಸುಬಿಷಿಯಿಂದ ಪರವಾನಗಿ ಪಡೆದು ಬಳಸಿತು. ಎರಡು ಬೆಲ್ಟುಗಳನ್ನೂ ಬದಲಾಯಿಸಿದ ಬಿಲ್ಲು ಇದ್ದರೆ ಸರಿ. "ಹೋದ ವರ್ಷವಷ್ಟೇ ಹಾಕಿಸಿದೆ" ಎಂಬ ಬಾಯಿಮಾತನ್ನು, ಹೇಳಿದವರು ಎಷ್ಟೇ ಸಜ್ಜನರಾಗಿರಲಿ, ಹಾಕಿಸಿಲ್ಲ ಎಂದೇ ಎಣಿಸಬೇಕು.

ಇಷ್ಟು ಹೇಳಿದ ಮೇಲೆ ಹುಡುಗ ಮೊದಲ ಕಾರಿನ ಮಾಲೀಕರ ಮನೆಗೆ ಹೋದ. ನಿವೃತ್ತರಾದ ಹಿರಿಯರು, ಇಪ್ಪತ್ತೈದು ವರ್ಷ ಈ ಕಾರನ್ನು ಇಟ್ಟುಕೊಂಡವರು, ಬಹುಕಾಲ ದಿನವೂ ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗಿಬಂದವರು. ಹಿಂದಿನ ಮಾಲೀಕರ ಕಾಗದಗಳೂ ಸೇರಿ ಎರಡು ದಪ್ಪ ಫೈಲುಗಳನ್ನು ಮೇಜಿನ ಮೇಲಿಟ್ಟರಂತೆ. ಜರ್ಮನಿಯಲ್ಲಿ ಕಾರುಗಳಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಉಂಟು. ತಪಾಸಣೆಯ ವರದಿಯಲ್ಲಿ ಅಂದಿನ ಮೀಟರಿನ ಅಂಕಿಯನ್ನೂ ಬರೆದಿರುತ್ತಾರೆ. ಹುಡುಗ ಎಲ್ಲವನ್ನೂ ಫೋಟೊ ತೆಗೆದುಕೊಂಡು ಬಂದ. ನಾನು ಅವನಿಗೆ ಗ್ರಾಫ್ ಬರೆಯಲು ಹೇಳಿದೆ. ಅಡ್ಡಗೆರೆಯ ಮೇಲೆ ವರ್ಷ, ಲಂಬಗೆರೆಯ ಮೇಲೆ ಕಿಲೋಮೀಟರ್. ನಿಮ್ಮ ಎಂಟನೆಯ ತರಗತಿಯ ಗಣಿತವೇ ಸಾಕು.

ರೇಖೆ ಚೆನ್ನಾಗಿ ಏರುತ್ತ ಬಂದು 2003ರಲ್ಲಿ 1,58,000 ಮುಟ್ಟಿತ್ತು. 2005ರ ವರದಿಯಲ್ಲೂ 1,58,000. 2007ರಲ್ಲೂ ಅದೇ. ಆಮೇಲೆ ಮತ್ತೆ ಏರಿಕೆ. ನಾಲ್ಕು ವರ್ಷ ರೇಖೆ ಚಪ್ಪಟೆ! ಕಾರು ನಿಂತಿತ್ತೇ, ಅಥವಾ ಮೀಟರು ನಿಂತಿತ್ತೇ? ಫೈಲಿನ ಉಳಿದ ಕಾಗದಗಳನ್ನು ನೋಡಿದರೆ ಆ ನಾಲ್ಕು ವರ್ಷದಲ್ಲಿ ಮೂರು ಸಲ ಎಂಜಿನ್ ಆಯಿಲ್ ಬದಲಾಯಿಸಿದ ಬಿಲ್ಲು, ಒಂದು ಜೊತೆ ಹೊಸ ಟೈರಿನ ಬಿಲ್ಲು ಸಿಕ್ಕವು. ನಿಂತ ಕಾರಿನ ಟೈರು ಹಾಗೆ ಸವೆಯುವುದಿಲ್ಲ.

"ಮಾಮ, ಇದು ಮೋಸ ಅಲ್ವಾ?" ಎಂದು ಅವನ ದನಿ ಇಳಿದಿತ್ತು.

ಮೋಸವಲ್ಲ. ಈ ಕಾರುಗಳ ಮೀಟರಿನ ಒಳಗೆ ಪ್ಲಾಸ್ಟಿಕ್ಕಿನ ಪುಟ್ಟ ಹಲ್ಲುಚಕ್ರವಿದೆ. ವಯಸ್ಸಾದ ಮೇಲೆ ಅದು ಪುಡಿಯಾಗುವುದು ಈ ಮಾಲೆಯ ಹೆಸರಾಂತ ಕಾಯಿಲೆ. ವೇಗ ತೋರಿಸುವ ಮುಳ್ಳು ಸರಿಯಾಗಿಯೇ ಇರುತ್ತದೆ, ದೂರದ ಅಂಕಿ ಮಾತ್ರ ಅಲುಗುವುದಿಲ್ಲ. ಆ ಹಿರಿಯರು 2007ರಲ್ಲಿ ಚಕ್ರ ಬದಲಾಯಿಸಿದ ಬಿಲ್ಲೂ ಅದೇ ಫೈಲಿನಲ್ಲಿತ್ತು. 2003ರವರೆಗೆ ವರ್ಷಕ್ಕೆ ಸರಾಸರಿ 9,000ಕ್ಕೂ ಸ್ವಲ್ಪ ಹೆಚ್ಚು ಓಡಿತ್ತು. ಆ ಲೆಕ್ಕದಲ್ಲಿ ನಾಲ್ಕು ವರ್ಷಕ್ಕೆ ಸುಮಾರು 36,000 ಸೇರಿಸಿದರೆ ನಿಜವಾದ ಓಟ 2,82,000ದ ಹತ್ತಿರ. ಇದನ್ನು ಮೇಲಿನ 80ರಿಂದ ಭಾಗಿಸಿ: 3,525 ಗಂಟೆ. ಪೇಟೆಯ ಕಾರಿನ 3,680ಕ್ಕಿಂತ ಈಗಲೂ ಕಡಿಮೆಯೇ! ಸರಾಸರಿ ವೇಗಗಳು ನನ್ನ ಅಂದಾಜು ನಿಜ. ಆದರೂ ಮೀಟರಿನ ಅಂಕಿಗಿಂತ ಈ ಅಂದಾಜು ಸತ್ಯಕ್ಕೆ ಹೆಚ್ಚು ಹತ್ತಿರವೆಂದು ನನಗೆ ಅನ್ನಿಸುತ್ತದೆ.

ಕಾರಿನ ಮುಂದೆ ನಿಂತು

ಎರಡನೆಯ ಕಾರಿನ ಭೇಟಿ ಬೇಗ ಮುಗಿಯಿತು. ಹಿಂದಿನ ದಿನವೇ "ನಾನು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ" ಎಂದು ಹುಡುಗ ಹೇಳಿದ್ದ. ಹೋದ ಕೂಡಲೆ ಬಾನೆಟ್ಟಿನ ಮೇಲೆ ಕೈಯಿಟ್ಟ, ಬೆಚ್ಚಗಿತ್ತು. ತಣ್ಣಗಿರುವ ಎಂಜಿನ್ ಚಾಲೂ ಆಗುವಾಗ ಹೇಳುವಷ್ಟು ಸತ್ಯವನ್ನು ಬೇರೆ ಯಾವಾಗಲೂ ಹೇಳುವುದಿಲ್ಲ. ನೀಲಿ ಹೊಗೆ ಬಂದರೆ ಎಲ್ಲೋ ಎಂಜಿನ್ ಆಯಿಲ್ ಉರಿಯುತ್ತಿದೆ. ಟರ್ಬೊದ ಸೀಲೋ ವಾಲ್ವಿನ ಸೀಲೋ ಸವೆದಿರಬಹುದು. ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬಂದರೆ ರೇಡಿಯೇಟರಿನ ನೀರು ಸಿಲಿಂಡರಿನೊಳಗೆ ಇಳಿಯುತ್ತಿದೆ. ಮೊದಲೇ ಬಿಸಿ ಮಾಡಿಟ್ಟರೆ ಇವುಗಳಲ್ಲಿ ಕೆಲವು ಮುಚ್ಚಿಹೋಗುತ್ತವೆ.

ಅಲ್ಲಿ ಇನ್ನೊಂದು ಸಂಗತಿಯನ್ನೂ ನೋಡಿದ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಲ್ಲಿದ್ದದ್ದು 2309. ಅಂದರೆ 2009ನೆಯ ಇಸವಿಯ 23ನೆಯ ವಾರ. ಹಲ್ಲು ಹೊಸದರಂತೆ ಇದ್ದರೂ ಗಂಟೆಗೆ 200 ಕಿಲೋಮೀಟರ್ ದಾಟಬಲ್ಲ ಕಾರಿಗೆ ಅವು ಟೈರೇ ಅಲ್ಲ. ಬೆಲ್ಟಿನ ಬಿಲ್ಲು ಇರಲಿಲ್ಲ. ಒಂಬತ್ತು ವರ್ಷ ಷೆಡ್ಡಿನಲ್ಲಿ ನಿಂತಿತ್ತಂತೆ. ಆ ಕಾರು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದರ ಬಗ್ಗೆ ಏನೂ ತಿಳಿಯುವಂತಿರಲಿಲ್ಲ, ಅಷ್ಟೆ.

ಮೊದಲ ಕಾರನ್ನು ಹುಡುಗ ಒಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ ನೋಡಿದ. ಆತನ ಕೂಲಿ ದುಬಾರಿಯೆಂದು ಮೊದಲು ಹಿಂಜರಿದಿದ್ದ. ಒಂದು ಎಂಜಿನ್ನಿನ ಬೆಲೆಯ ಮುಂದೆ ಅದು ಏನೂ ಅಲ್ಲವೆಂದು ಒತ್ತಾಯ ಮಾಡಿ ಕಳಿಸಿದೆ. ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಹೊಗೆ ಇರಲಿಲ್ಲ. ದಾರಿಯಲ್ಲಿ ಟರ್ಬೊದ ಒತ್ತಡ ತೋರಿಸುವ ಮುಳ್ಳನ್ನು ನೋಡಲು ಹೇಳಿದ್ದೆ. ಈ ಮುಳ್ಳಿನ ವಿಶೇಷವೇನು ಗೊತ್ತೇ? ಎಂಜಿನ್ ನಿಂತಿರುವಾಗಲೂ ಅದು ಸೊನ್ನೆಯ ಮೇಲಿರುವುದಿಲ್ಲ, 1ರ ಮೇಲಿರುತ್ತದೆ. ಏಕೆಂದರೆ ಅದು ತೋರಿಸುವುದು ನಿರಪೇಕ್ಷ ಒತ್ತಡ. ನಮ್ಮ ಸುತ್ತಲಿನ ವಾತಾವರಣವೇ ಹೆಚ್ಚುಕಡಿಮೆ ಒಂದು ಬಾರ್. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮ ಬೆಂಗಳೂರಿಗೆ ತಂದು ನಿಲ್ಲಿಸಿದರೆ ಅದೇ ಮುಳ್ಳು ಸುಮಾರು 0.9ಕ್ಕೆ ಇಳಿಯುತ್ತದೆ. ಕಾರ್ಖಾನೆಯಿಂದ ಬಂದಂತೆಯೇ ಇರುವ 220 ಅಶ್ವಶಕ್ತಿಯ ಕಾರಿನಲ್ಲಿ ಪೂರ್ತಿ ಒತ್ತಿದಾಗ ಮುಳ್ಳು 1.75ರ ಹತ್ತಿರ ಹೋಗಬೇಕು. ಎಲ್ಲೋ 1.4ರಲ್ಲಿ ನಿಂತರೆ ಯಾವುದೋ ಹೋಸ್ ಪೈಪು ಬಿರುಕು ಬಿಟ್ಟಿದೆ ಅಥವಾ ಹೊಗೆಯನ್ನು ಪಕ್ಕಕ್ಕೆ ಬಿಡುವ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ. 2ನ್ನು ಮುಟ್ಟಿದರೆ ಇನ್ನೂ ಹೆಚ್ಚು ಅನುಮಾನ ಪಡಬೇಕು. ಹೆಚ್ಚು ಶಕ್ತಿಯ ಆಸೆಗೆ ಎಂಜಿನ್ನಿನ ಕಂಪ್ಯೂಟರಿನ ಚಿಪ್ಪು ಬದಲಾಯಿಸಿ ಒತ್ತಡ ಏರಿಸಿರುತ್ತಾರೆ. ಕೆಲವರು ತಿಳಿದು ಮಾಡಿರುತ್ತಾರೆ. ಹಲವರು ಮಾಡಿ ನೋಡಿ ಮಾರಿರುತ್ತಾರೆ. ಈ ಕಾರಿನಲ್ಲಿ ಮುಳ್ಳು 1.7ಕ್ಕೆ ಹೋಗಿ ನಿಂತಿತು.

ನಿಧಾನದಲ್ಲಿ ಸಾಧುವಾಗಿದ್ದ ಕಾರು ಎಂಜಿನ್ 3,000 ಸುತ್ತು ದಾಟುತ್ತಲೇ ಬೆನ್ನಿಗೆ ಒದ್ದಂತೆ ಮುನ್ನುಗ್ಗಿತಂತೆ. ಹೊಗೆಯ ಚಕ್ರ ವೇಗ ಪಡೆಯುವವರೆಗೆ ಶಕ್ತಿ ತಡವಾಗಿ ಬರುವುದೇ ಹಳೆಯ ಟರ್ಬೊಗಳ ಸ್ವಭಾವ. ಮಳೆಯಲ್ಲಿ, ತಿರುವಿನ ನಡುವೆ ಆ ಶಕ್ತಿ ಒಮ್ಮೆಲೇ ಬಂದರೆ ಹಿಂದಿನ ಚಕ್ರಗಳು ಜಾರುತ್ತವೆ. ಆರಂಭದ 944 ಟರ್ಬೊಗಳಲ್ಲಿ ಎಬಿಎಸ್ ಬ್ರೇಕೂ ಇರಲಿಲ್ಲ. ಹಣದ ಮಾತು ಬಿಡಿ, ನನಗೆ ನಿಜವಾಗಿ ಭಯವಿದ್ದದ್ದು ಇದರ ಬಗ್ಗೆ. ಅಕ್ಕನಿಗೆ ಇದನ್ನು ಹೇಳಲಿಲ್ಲ. ಹುಡುಗನಿಗೆ ಎರಡು ಸಲ ಹೇಳಿದೆ.

ಕೊನೆಯ ಪರೀಕ್ಷೆ ನನಗೆ ಬಹಳ ಇಷ್ಟವಾದದ್ದು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಪಿಸ್ಟನ್ ಮೇಲಿರುವಂತೆ ನಿಲ್ಲಿಸಿ, ಆ ರಂಧ್ರದಿಂದ ಸಿಲಿಂಡರಿಗೆ ಒತ್ತಡದ ಗಾಳಿ ಬಿಡುತ್ತಾರೆ. ಗಾಳಿ ಎಷ್ಟು ಸೋರುತ್ತದೆ ಎಂದು ಮಾಪಕ ಹೇಳುತ್ತದೆ. ಎಲ್ಲಿಂದ ಸೋರುತ್ತದೆ ಎಂದು ಕಿವಿ ಹೇಳುತ್ತದೆ. ಆಯಿಲ್ ಹಾಕುವ ಮುಚ್ಚಳದಲ್ಲಿ ಸುಯ್ ಎಂದರೆ ಪಿಸ್ಟನ್ ರಿಂಗೋ ಸಿಲಿಂಡರಿನ ಗೋಡೆಯೋ ಸವೆದಿದೆ. ಈ ಎಂಜಿನ್ನಿನ ಸಿಲಿಂಡರುಗಳಿಗೆ ಬೇರೆ ಕಬ್ಬಿಣದ ಒಳಗೊಳವೆ ಇಲ್ಲ, ಸಿಲಿಕಾನ್ ಬೆರೆತ ಅಲ್ಯೂಮಿನಿಯಮ್ಮೇ ಗೋಡೆ; ಆದ್ದರಿಂದ ಗೋಡೆ ಗೀಚಿದ್ದರೆ ರಿಪೇರಿ ಬಲು ದುಬಾರಿ. ಸೈಲೆನ್ಸರಿನ ಬಾಯಲ್ಲಿ ಸದ್ದು ಬಂದರೆ ಹೊಗೆಯ ವಾಲ್ವು. ರೇಡಿಯೇಟರ್ ನೀರಿನ ತೊಟ್ಟಿಯಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಮೂರು ಸಿಲಿಂಡರುಗಳು ಚೆನ್ನಾಗಿದ್ದವು. ನಾಲ್ಕನೆಯದಕ್ಕೆ ಗಾಳಿ ಬಿಟ್ಟಾಗ ನೀರಿನ ತೊಟ್ಟಿಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಹಿರಿಯರು ಬಗ್ಗಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಅವರಿಗೆ ಅದು ಗೊತ್ತಿರಲಿಲ್ಲ. ಹಳೆಯದಾದ 944 ಟರ್ಬೊಗಳಲ್ಲಿ ಹೆಡ್ ಗ್ಯಾಸ್ಕೆಟ್ ಸೋಲುವುದು ಅಪರೂಪವೇನಲ್ಲ. ಗುಳ್ಳೆ ಇನ್ನೂ ಸಣ್ಣದಾಗಿತ್ತು, ನೀರು ಎಣ್ಣೆಯಲ್ಲಿ ಬೆರೆತಿರಲಿಲ್ಲ. ಆದ್ದರಿಂದ ಈಗಲೇ ಹಿಡಿದರೆ ಎಂಜಿನ್ನಿಗೆ ಅಪಾಯವಿಲ್ಲವೆಂದು ಮೆಕ್ಯಾನಿಕ್ ಹೇಳಿದ. ಮೆಕ್ಯಾನಿಕ್ ಕೊಟ್ಟ ಅಂದಾಜು ಖರ್ಚನ್ನು ಹಿರಿಯರು ಬೆಲೆಯಲ್ಲಿ ಪೂರ್ತಿಯಾಗಿ ಇಳಿಸಿದರು.

ನಾನು ಅವನಿಗೆ ಹೇಳಿದ್ದ ಒಂದು ಮಾತನ್ನು ನಿಮಗೂ ಹೇಳಬೇಕು. ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೆ ಸುರಿಯಬಾರದು. ಇಂಥ ಕಾರಿಗೆ ಕೊಳ್ಳುವ ಬೆಲೆಯ ಮೂರನೆಯ ಒಂದು ಭಾಗವನ್ನಾದರೂ ಬೇರೆ ಇಟ್ಟುಕೊಂಡಿರಬೇಕು. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ನನ್ನ ಅಭಿಪ್ರಾಯ. ಅಷ್ಟು ಇಲ್ಲದಿದ್ದರೆ ಇನ್ನೊಂದು ವರ್ಷ ಬಸ್ಸಿನಲ್ಲಿ ಓಡಾಡುವುದೇ ಮೇಲು. ಬೆಲೆ ಇಳಿದದ್ದರಿಂದ ಅವನಿಗೆ ಅದು ಸಾಧ್ಯವಾಯಿತು. ಕಾರು ಕೊಂಡ.

ಗ್ಯಾಸ್ಕೆಟ್, ಎರಡು ಬೆಲ್ಟು, ಎಲ್ಲ ಹೋಸ್ ಪೈಪುಗಳು ಒಟ್ಟಿಗೇ ಬದಲಾದವು. ಹೇಗೂ ಬಿಚ್ಚಿದ್ದಾಗ ಎಲ್ಲವನ್ನೂ ಮಾಡಿಬಿಡುವುದು ಲಾಭ. ಇಂಥ ಕೆಲಸದಲ್ಲಿ ಸಾಮಾನಿಗಿಂತ ಕೂಲಿಯೇ ಹೆಚ್ಚು. ನಾಲ್ಕು ತಿಂಗಳ ಮೇಲೆ ಕ್ಲಚ್ ಹೋಯಿತು. ಈ ಕಾರಿನ ಗೇರ್‌ಬಾಕ್ಸ್ ಇರುವುದು ಎಂಜಿನ್ನಿನ ಬಳಿಯಲ್ಲಲ್ಲ, ಹಿಂದಿನ ಚಕ್ರಗಳ ನಡುವೆ. ಮುಂದೆ ಎಂಜಿನ್, ಹಿಂದೆ ಗೇರ್‌ಬಾಕ್ಸ್ ಇರುವುದರಿಂದ ತೂಕ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿ ಕಾರು ತಿರುವುಗಳಲ್ಲಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಕ್ಲಚ್ ಬದಲಾಯಿಸಬೇಕೆಂದರೆ ಸೈಲೆನ್ಸರ್, ಗೇರ್‌ಬಾಕ್ಸ್, ನಡುವಿನ ಉದ್ದ ಕೊಳವೆ ಎಲ್ಲವನ್ನೂ ಕೆಳಗಿಳಿಸಬೇಕು. ಹಳೆಯ ಕ್ಲಚ್ ಪ್ಲೇಟಿನ ನಡುವಿದ್ದ ರಬ್ಬರ್ ಚೂರುಚೂರಾಗಿತ್ತಂತೆ. ಮತ್ತೆ ಅದೇ ರಬ್ಬರು, ಅದೇ ಕ್ಯಾಲೆಂಡರು! ಬೇರೆ ಇಟ್ಟಿದ್ದ ಹಣದಲ್ಲಿ ಬಹುಪಾಲು ಅಲ್ಲಿಗೆ ಹೋಯಿತು. ಬ್ಯಾಂಕಿನ ಕಂತು ಮಾತ್ರ ಒಂದೂ ತಪ್ಪಲಿಲ್ಲ.

ಅಕ್ಕ ಇನ್ನೂ ಒಪ್ಪಿಲ್ಲ. ಮೊನ್ನೆ ವೀಡಿಯೊ ಕರೆಯಲ್ಲಿ ಕಾರು ತೋರಿಸಿದಾಗ, "ಮನೆ ಮುಂದೆ ನಿಂತ್ಮೇಲೂ ಎಂಜಿನ್ ಯಾಕೋ ಆರಿಸ್ಲಿಲ್ಲ? ಪೆಟ್ರೋಲ್ ದಂಡ" ಎಂದು ಗದರಿದಳು. "ಅಮ್ಮ, ಒಂದು ನಿಮಿಷ" ಎಂದನಂತೆ. ಮೀಟರಿನ ಹಲ್ಲುಚಕ್ರ ಈಗ ಮತ್ತೆ ಪುಡಿಯಾಗಿದೆ. ಹೊಸದು ಅಂಚೆಯಲ್ಲಿ ಬರಬೇಕು. ಅಲ್ಲಿಯವರೆಗೆ ಓಡಿದ ದೂರವನ್ನು ಒಂದು ನೋಟ್ ಪುಸ್ತಕದಲ್ಲಿ, ದಿನಾಂಕ ಹಾಕಿ, ಪೆನ್ನಿನಲ್ಲಿ ಬರೆದಿಡುತ್ತಿದ್ದಾನೆ.